ದೊಡ್ಡ ಬೈಕಿನ ನಿಧಾನದ ವಿದ್ಯೆ

ನನ್ನ ಬಿಎಂಡಬ್ಲ್ಯು ಆರ್ 1250 ಜಿಎಸ್ ಬೈಕಿನ ಬಗ್ಗೆ ಬರೆಯಲು ಕುಳಿತಾಗ ಅದರ ಎಂಜಿನ್ನಿಗಿಂತ ಮೊದಲು ಮನಸ್ಸಿಗೆ ಬರುವುದು ಅದರ ತೂಕ. ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಸಿಕೊಂಡು ಹೊರಡಲು ಸಿದ್ಧವಾಗಿ ನಿಂತಾಗ ಅದು 249 ಕಿಲೋ ತೂಗುತ್ತದೆ. ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ಪ್ಲೆಂಡರ್ ಸುಮಾರು 112 ಕಿಲೋ. ಭಾರದ ಗಾಡಿಯೆಂದೇ ಹೆಸರಾದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೂಡ 195 ಕಿಲೋ ಅಷ್ಟೆ. ಎರಡು ಸ್ಪ್ಲೆಂಡರ್‌ಗಳನ್ನು ಒಟ್ಟಿಗೆ ತೂಗಿದರೂ ಜಿಎಸ್‌ಗೆ ಸರಿದೂಗಲು ಇನ್ನೂ 25 ಕಿಲೋ ಬೇಕಾಗುತ್ತದೆ. ಇಂತಹ ಗಾಡಿಯನ್ನು ಕೊಳ್ಳಬೇಕೆಂದು ಆಸೆಪಡುವವರಿಗೆ 1254 ಸಿಸಿ, 136 ಅಶ್ವಶಕ್ತಿ, 143 ನ್ಯೂಟನ್ ಮೀಟರ್ ಟಾರ್ಕ್ ಎಂಬ ಅಂಕಿಗಳು ಬಾಯಿಪಾಠವಾಗಿರುತ್ತವೆ. ಅವೆಲ್ಲ ನಿಜವೇ. ಆದರೆ ಒಳ್ಳೆಯ ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಈ ಬೈಕನ್ನು ಓಡಿಸುವುದು ಅಷ್ಟೇನೂ ಕಷ್ಟವಲ್ಲ. ಅದೇ ಬೈಕನ್ನು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ಇಳಿಜಾರಿನಲ್ಲಿ, ಜಲ್ಲಿಯ ಮೇಲೆ, ಹ್ಯಾಂಡಲನ್ನು ಪೂರ್ತಿ ತಿರುಗಿಸಿಕೊಂಡು ಓಡಿಸುವುದು ಕಷ್ಟ. ಹೆದ್ದಾರಿಗೂ ಹಾಳು ರಸ್ತೆಗೂ ಆಗುವ ಇಂತಹ ದೊಡ್ಡ ಅಡ್ವೆಂಚರ್ ಬೈಕನ್ನು ಇಟ್ಟುಕೊಳ್ಳುವುದೆಂದರೆ ಮುಖ್ಯವಾಗಿ ಈ ನಿಧಾನದ ವಿದ್ಯೆಯನ್ನು ಕಲಿಯುವುದು ಎಂಬುದು ಕೆಲವು ವರ್ಷಗಳ ಸವಾರಿಯ ನಂತರ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ.

ಇಷ್ಟು ಭಾರದ ಯಂತ್ರವನ್ನು ಕೆಟ್ಟ ರಸ್ತೆಗಳಿಗೆಂದು ಯಾಕೆ ಮಾಡಿದರು ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ 1980ರಲ್ಲಿದೆ. ಆ ವರ್ಷ ಬಿಎಂಡಬ್ಲ್ಯು ಕಂಪನಿಯು ಆರ್ 80 ಜಿ/ಎಸ್ ಎಂಬ ಬೈಕನ್ನು ಹೊರತಂದಿತು. ಎಂಜಿನ್ನಿನ ಎರಡು ಪಕ್ಕಗಳಿಗೂ ಒಂದೊಂದು ಸಿಲಿಂಡರ್ ಚಾಚಿಕೊಂಡಿರುವ ಬಾಕ್ಸರ್ ವಿನ್ಯಾಸವೂ, ಚೈನಿನ ಬದಲು ಹಿಂದಿನ ಚಕ್ರಕ್ಕೆ ಶಕ್ತಿ ತಲುಪಿಸುವ ಶಾಫ್ಟೂ ಆ ಕಂಪನಿಗೆ ಹೊಸವಾಗಿರಲಿಲ್ಲ. 1923ರಲ್ಲಿ ಮ್ಯಾಕ್ಸ್ ಫ್ರಿಟ್ಸ್ ರೂಪಿಸಿದ ಮೊದಲ ಬೈಕ್ ಆರ್ 32ರಲ್ಲೇ ಅವೆರಡೂ ಇದ್ದವು. ಹೊಸದೇನೆಂದರೆ, ಹೆದ್ದಾರಿಯಲ್ಲಿ ದಿನವಿಡೀ ಓಡಬಲ್ಲ ಎಂಟುನೂರು ಸಿಸಿಯ ಎಂಜಿನ್ನನ್ನು ಎತ್ತರದ ಸಸ್ಪೆನ್ಷನ್ ಮತ್ತು ಅಗಲವಾದ ಹ್ಯಾಂಡಲಿನ ಜೊತೆ ಸೇರಿಸಿ, ಟಾರು ಮುಗಿದ ಮೇಲೂ ಮುಂದುವರಿಯಬಹುದಾದ ಗಾಡಿಯನ್ನು ಮಾಡಿದ್ದು. ಮರುವರ್ಷವೇ, 1981ರಲ್ಲಿ, ಸಹಾರಾ ಮರುಭೂಮಿ ದಾಟುವ ಪ್ಯಾರಿಸ್–ಡಾಕರ್ ರ‍್ಯಾಲಿಯನ್ನು ಫ್ರಾನ್ಸಿನ ಉಬೆರ್ ಓರಿಯೋಲ್ ಈ ವಂಶದ ಬೈಕಿನಲ್ಲೇ ಗೆದ್ದರು. 1983ರಲ್ಲಿ ಮತ್ತೊಮ್ಮೆ ಗೆದ್ದರು. ನಂತರದ ಎರಡು ವರ್ಷ, 1984 ಮತ್ತು 1985ರಲ್ಲಿ, ಗೆದ್ದವರು ಬೆಲ್ಜಿಯಂನ ಗಾಸ್ತೋನ್ ರಾಹಿಯೆ. ರಾಹಿಯೆ ಅವರು ಮೂಲತಃ 125 ಸಿಸಿ ಮೋಟೋಕ್ರಾಸ್ ಎಂಬ ಮಣ್ಣಿನ ಅಂಗಳದ ಓಟದಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದ ಗಿಡ್ಡ ಮೈಕಟ್ಟಿನ ಸವಾರ. ರ‍್ಯಾಲಿಯ ಆ ಎತ್ತರದ, ಭಾರಿ ಟ್ಯಾಂಕಿನ ಬಿಎಂಡಬ್ಲ್ಯು ಅವರ ದೇಹಕ್ಕೆ ಹೇಳಿ ಮಾಡಿಸಿದ್ದಂತೂ ಅಲ್ಲ. ಸೀಟಿನ ಎತ್ತರ ಕಂಡು ಹಿಂಜರಿಯುವವರೊಂದಿಗೆ ಮಾತಾಡುವಾಗಲೆಲ್ಲ ನಾನು ಮೊದಲು ಹೇಳುವ ಹೆಸರು ರಾಹಿಯೆ ಅವರದು.

ಆದರೆ ಚರಿತ್ರೆಯ ಇನ್ನೊಂದು ಭಾಗವನ್ನೂ ಹೇಳಬೇಕು. ಆ ಮೊದಲ ಜಿ/ಎಸ್ ಇನ್ನೂರು ಕಿಲೋಗಿಂತ ಕಡಿಮೆಯಿತ್ತು. ಅಲ್ಲಿಂದ ಮುಂದೆ ಎಂಜಿನ್ ಬೆಳೆಯಿತು, ಬ್ರೇಕುಗಳು ಬೆಳೆದವು, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬಂತು, 2013ರಲ್ಲಿ ನೀರಿನಿಂದ ತಂಪಾಗುವ ವ್ಯವಸ್ಥೆ ಬಂತು, ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಬಂತು, ಅವುಗಳ ಜೊತೆಗೆ ತೂಕವೂ ಬಂತು. ಇತ್ತ ಡಾಕರ್ ರ‍್ಯಾಲಿಯವರು ವೇಗ ಮತ್ತು ಅಪಾಯದ ಕಾರಣಕ್ಕೆ ಬೈಕುಗಳ ಎಂಜಿನ್ ಗಾತ್ರವನ್ನು 2011ರಿಂದ 450 ಸಿಸಿಗೆ ಮಿತಿಗೊಳಿಸಿದರು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾಗಿ 36ನೆಯ ಸ್ಥಾನದಲ್ಲಿ ಗುರಿ ಮುಟ್ಟಿದಾಗ ಓಡಿಸಿದ್ದು ಅಂತಹ ಹಗುರವಾದ ರ‍್ಯಾಲಿ ಬೈಕನ್ನೇ ಹೊರತು ಸಾವಿರ ಸಿಸಿಯ ಗಾಡಿಯನ್ನಲ್ಲ. ಮರುಭೂಮಿಯ ಸ್ಪರ್ಧೆಯಲ್ಲಿ ಹೆಸರು ಮಾಡಿದ ಈ ದೊಡ್ಡ ಬೈಕುಗಳು ಇಂದು ಸ್ಪರ್ಧೆಯ ಬೈಕುಗಳಲ್ಲ. ಇಬ್ಬರನ್ನು, ಅವರ ಸಾಮಾನನ್ನು, ದಿನಕ್ಕೆ ಐನೂರು ಆರುನೂರು ಕಿಲೋಮೀಟರು ಕರೆದೊಯ್ದು, ಕೊನೆಯ ಹತ್ತು ಕಿಲೋಮೀಟರಿನ ಹಾಳು ರಸ್ತೆಯನ್ನೂ ದಾಟಿಸುವ ಪ್ರಯಾಣದ ಗಾಡಿಗಳು. ಇದನ್ನು ಮೊದಲೇ ತಿಳಿದುಕೊಂಡು ಕೊಂಡವರಿಗೆ ಗಾಡಿಯ ಮೇಲೆ ಬೇಸರ ಹುಟ್ಟುವುದಿಲ್ಲ.

ಈ ತೂಕ ಎಲ್ಲಿ ಕುಳಿತಿದೆ ಎನ್ನುವುದು ಎಷ್ಟಿದೆ ಎನ್ನುವುದಕ್ಕಿಂತ ಮುಖ್ಯ. ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರುಗಳು ಮೇಲಕ್ಕೆ ನಿಲ್ಲದೆ ಅಡ್ಡಲಾಗಿ ಮಲಗಿರುವುದರಿಂದ ಗಾಡಿಯ ಗುರುತ್ವಕೇಂದ್ರ ಕೆಳಗಿರುತ್ತದೆ. ಹೀಗಾಗಿ ಗೇರ್ ಹಾಕಿ ಚಕ್ರ ನಾಲ್ಕು ಸುತ್ತು ಸುತ್ತಿದ ಮೇಲೆ 249 ಕಿಲೋ ಎಲ್ಲಿ ಹೋಯಿತೋ ಎನ್ನುವಷ್ಟು ಹಗುರವಾಗಿ ಅದು ತಿರುಗತೊಡಗುತ್ತದೆ. ಮುಂದಿನ ಸಸ್ಪೆನ್ಷನ್ ಕೂಡ ಸಾಮಾನ್ಯ ಬೈಕುಗಳಂತಿಲ್ಲ. ಟೆಲಿಲಿವರ್ ಎಂಬ ಈ ವ್ಯವಸ್ಥೆಯಲ್ಲಿ ಫೋರ್ಕಿನ ಎರಡು ಕಾಲುಗಳು ಚಕ್ರವನ್ನು ಹಿಡಿದು ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಸ್ಪ್ರಿಂಗಿನ ಕೆಲಸವನ್ನು ಚಾಸಿಗೆ ಜೋಡಿಸಿದ ಒಂದು ತೋಳು ಮತ್ತು ನಡುವಿನ ಶಾಕ್ ಅಬ್ಸಾರ್ಬರ್ ವಹಿಸಿಕೊಳ್ಳುತ್ತವೆ. ಇದರ ಫಲವಾಗಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ ಗಾಡಿ ಮೂತಿ ನೆಲಕ್ಕೆ ಕುಸಿಯುವುದಿಲ್ಲ, ಸವಾರನ ಮತ್ತು ಹಿಂದೆ ಕುಳಿತವರ ಭಾರ ಏಕಾಏಕಿ ಮುಂದಕ್ಕೆ ನುಗ್ಗುವುದಿಲ್ಲ. ಮುಂದಿನ ಟೈರಿನ ಸ್ಪರ್ಶ ಕೈಗೆ ಅಷ್ಟಾಗಿ ತಿಳಿಯುವುದಿಲ್ಲವೆಂದು ಕೆಲವರು ದೂರುತ್ತಾರೆ. ಆ ದೂರಿನಲ್ಲಿ ಸತ್ಯವಿದೆ, ಆದರೂ ಭಾರ ತುಂಬಿದ ಬೈಕಿನಲ್ಲಿ ಘಟ್ಟ ಇಳಿಯುವಾಗ ನಾನು ಈ ವ್ಯವಸ್ಥೆಯನ್ನೇ ಬಯಸುತ್ತೇನೆ.

ನಿಂತಿರುವ ಗಾಡಿಯ ಲೆಕ್ಕವೇ ಬೇರೆ. ಚಲಿಸುವ ಬೈಕನ್ನು ನಾವು ಸಮತೋಲನದಲ್ಲಿಡುವುದು ಅದು ಯಾವ ಕಡೆ ವಾಲುತ್ತದೋ ಆ ಕಡೆಗೆ ಚಕ್ರವನ್ನು ಸೂಕ್ಷ್ಮವಾಗಿ ತಿರುಗಿಸಿ, ಚಕ್ರಗಳನ್ನು ಮತ್ತೆ ಭಾರದ ಕೆಳಗೆ ತಂದುಕೊಳ್ಳುವುದರಿಂದ. ವೇಗವಿಲ್ಲದಿದ್ದರೆ ಈ ಉಪಾಯ ನಡೆಯುವುದಿಲ್ಲ, ಆಗ ಉಳಿಯುವುದು ಕಾಲು ಮಾತ್ರ. ಜಿಎಸ್‌ನ ಸೀಟನ್ನು 850 ಅಥವಾ 870 ಮಿಲಿಮೀಟರ್ ಎತ್ತರಕ್ಕೆ ಹೊಂದಿಸಬಹುದು; ನಮ್ಮಲ್ಲಿ ಸಾಧಾರಣ ಎತ್ತರದವರಿಗೆ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರುವುದಿಲ್ಲ. ನೆಟ್ಟಗೆ ನಿಂತ ಬೈಕನ್ನು ಎರಡು ಬೆರಳಿನಿಂದ ಹಿಡಿದು ನಿಲ್ಲಿಸಬಹುದು. ಸ್ವಲ್ಪ ವಾಲಿದರೆ ಒಂದು ಕಾಲಿನ ಬಲ ಸಾಕು. ಇನ್ನೂ ಸ್ವಲ್ಪ ವಾಲಿದರೆ ಪೈಲ್ವಾನನ ಬಲವೂ ಸಾಲದು. ಈ ಮೂರು ಸ್ಥಿತಿಗಳ ನಡುವಿನ ಅಂತರ ಬಹಳ ಕಡಿಮೆ ಎಂಬುದನ್ನು ದೇಹವೇ ಕಲಿಯಬೇಕು. ಅಡ್ವೆಂಚರ್ ಬೈಕಿನ ತರಬೇತುದಾರರು ಮೊದಲು ಮಾಡಿಸುವ ಅಭ್ಯಾಸ ಇದಕ್ಕೆಂದೇ ಇದೆ: ಎಂಜಿನ್ ಆರಿಸಿ, ಸ್ಟ್ಯಾಂಡ್ ತೆಗೆದು, ಬೈಕಿನ ಯಾವುದಾದರೊಂದು ಭಾಗವನ್ನು ಸದಾ ಹಗುರವಾಗಿ ಹಿಡಿದುಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ನೋಡುವವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಹತ್ತು ನಿಮಿಷ ಹೀಗೆ ಸುತ್ತಿದವರಿಗೆ ಗಾಡಿಯ ಭಾರ ಎಲ್ಲಿ ಶಾಂತವಾಗಿರುತ್ತದೆ, ಎಲ್ಲಿ ಕೈ ಮೀರುತ್ತದೆ ಎಂಬುದು ಯಾವ ಪುಸ್ತಕ ಓದಿದರೂ ತಿಳಿಯದಷ್ಟು ಸ್ಪಷ್ಟವಾಗುತ್ತದೆ.

ನಾನು ನಿಧಾನದ ಅಭ್ಯಾಸ ಮಾಡಿದ್ದು ಭಾನುವಾರ ಬೆಳಗ್ಗೆ ಖಾಲಿ ಬಿದ್ದಿರುತ್ತಿದ್ದ ಒಂದು ಮೈದಾನದಲ್ಲಿ. ಮಾಡಬೇಕಾದ್ದು ಬಹಳವೇನಿಲ್ಲ, ಆದರೆ ಮತ್ತೆ ಮತ್ತೆ ಮಾಡಬೇಕು. ಮೊದಲ ಗೇರಿನಲ್ಲಿ ಎಂಜಿನ್ನನ್ನು ಐಡಲ್‌ಗಿಂತ ತುಸು ಮೇಲೆ ಇಟ್ಟು, ಕ್ಲಚ್ಚನ್ನು ಪೂರ್ತಿ ಬಿಡದೆ, ಅದು ಹಿಡಿಯಲು ಆರಂಭಿಸುವ ಬಿಂದುವಿನಲ್ಲೇ ಬೆರಳುಗಳನ್ನು ಆಡಿಸುತ್ತ, ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿ ಹಿಡಿದು ನಡೆಯುವ ವೇಗದಲ್ಲಿ ಸಾಗಬೇಕು. ಎಂಜಿನ್ ಎಳೆಯುತ್ತಿರುತ್ತದೆ, ಬ್ರೇಕ್ ತಡೆಯುತ್ತಿರುತ್ತದೆ. ಈ ಎಳೆತದ ನಡುವೆ ಗಾಡಿ ಆಶ್ಚರ್ಯವಾಗುವಷ್ಟು ಸ್ಥಿರವಾಗಿ ನಿಲ್ಲುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಮುಟ್ಟಬಾರದು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಭಾರವೆಲ್ಲ ತಿರುಗಿದ ಕಡೆಗೇ ಬೀಳುತ್ತದೆ. ದೊಡ್ಡ ಬೈಕುಗಳು ಬೀಳುವುದು ಹೆಚ್ಚಾಗಿ ಹೀಗೆಯೇ: ಪೆಟ್ರೋಲ್ ಬಂಕಿನಲ್ಲಿ, ಮನೆಯ ಗೇಟಿನ ಮುಂದೆ, ಯೂ ಟರ್ನ್‌ನಲ್ಲಿ. 2013ಕ್ಕಿಂತ ಹಿಂದಿನ ಜಿಎಸ್‌ಗಳಲ್ಲಿ ಒಣ ಕ್ಲಚ್ ಇದ್ದುದರಿಂದ ಇಂತಹ ಅಭ್ಯಾಸವನ್ನು ಹೆಚ್ಚು ಹೊತ್ತು ಮಾಡಿದರೆ ಅದು ಸುಟ್ಟು ವಾಸನೆ ಬರುತ್ತಿತ್ತು. ಈಗಿನವುಗಳಲ್ಲಿ ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಇರುವುದರಿಂದ ಅದು ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಇನ್ನೆರಡು ಸಂಗತಿಗಳನ್ನು ಮೈದಾನ ಕಲಿಸುತ್ತದೆ. ನಿಧಾನವಾಗಿ ತಿರುಗುವಾಗ ಬೈಕನ್ನು ಒಳಗೆ ವಾಲಿಸಿ ನಮ್ಮ ದೇಹವನ್ನು ಹೊರಗೆ ಇಡಬೇಕು. ಹೊರಗಿನ ಫುಟ್‌ಪೆಗ್ ಮೇಲೆ ಭಾರ ಹಾಕಿ, ಸೀಟಿನ ಹೊರ ಅಂಚಿಗೆ ಸರಿದು ಕುಳಿತರೆ ಕಿರಿದಾದ ಜಾಗದಲ್ಲೂ ಗಾಡಿ ತಿರುಗುತ್ತದೆ. ಎರಡನೆಯದು ಕಣ್ಣು. ನೆಲ ನೋಡಿದರೆ ಗಾಡಿ ನೆಲಕ್ಕೇ ಹೋಗುತ್ತದೆ. ಗದ್ದವನ್ನು ಹೆಗಲ ಮೇಲೆ ತಂದು, ತಿರುವು ಮುಗಿಯುವ ಜಾಗವನ್ನು ನೋಡುತ್ತಿದ್ದರೆ ಕೈಗಳು ತಾವಾಗಿಯೇ ಸರಿಯಾದ ಕೆಲಸ ಮಾಡುತ್ತವೆ. ಸೈಕಲ್ ಕಲಿಸುವಾಗ ನಮ್ಮ ಹಿರಿಯರು ‘ಮುಂದೆ ನೋಡು’ ಎಂದು ಕೂಗುತ್ತಿದ್ದುದು ಇದನ್ನೇ.

ಬೈಕ್ ಬಿದ್ದಾಗ ಎತ್ತುವ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ತಿಳಿಯದೆ ಸೊಂಟ ಹಿಡಿಸಿಕೊಂಡವರು ಅನೇಕರು. ಮೊದಲು ಎಂಜಿನ್ ಆರಿಸಬೇಕು, ಹಿಂದೆ ಮುಂದೆ ವಾಹನ ಬರುತ್ತಿದೆಯೇ ನೋಡಬೇಕು, ತನಗೆ ಪೆಟ್ಟಾಗಿದೆಯೇ ಎಂದು ಒಂದು ನಿಮಿಷ ನಿಂತು ಗಮನಿಸಬೇಕು. ಅವಸರ ಬೇಡ. ಗಾಡಿ ಉರುಳದಂತೆ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸೈಡ್ ಸ್ಟ್ಯಾಂಡನ್ನು ಎತ್ತುವ ಮೊದಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಮತ್ತೆ ಬೀಳುತ್ತದೆ. ಪಕ್ಕದ ಪೆಟ್ಟಿಗೆಗಳಲ್ಲಿ ಸಾಮಾನಿದ್ದರೆ ಅವನ್ನು ಕಳಚುವುದು ಒಳ್ಳೆಯದು. ಹ್ಯಾಂಡಲಿನ ಕೆಳಗಿನ ತುದಿ ಟ್ಯಾಂಕಿನ ಕಡೆ ಬರುವಂತೆ ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ತಾಗುವಂತೆ ಕುಕ್ಕರಿಸಬೇಕು. ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿಯನ್ನೂ ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿಕೆಯನ್ನೂ ಹಿಡಿದು, ಬೆನ್ನು ನೆಟ್ಟಗಿಟ್ಟು, ಕೈಯಿಂದ ಎತ್ತದೆ ಕಾಲಿನಿಂದ ತಳ್ಳುತ್ತ ಸಣ್ಣ ಸಣ್ಣ ಹೆಜ್ಜೆಯಿಟ್ಟು ಹಿಂದಕ್ಕೆ ನಡೆಯಬೇಕು. ಬಾಕ್ಸರ್ ಬೈಕಿಗೆ ಇಲ್ಲೊಂದು ಅನುಕೂಲವಿದೆ. ಚಾಚಿಕೊಂಡಿರುವ ಸಿಲಿಂಡರಿನ ಮೇಲೆ, ಅಥವಾ ಅದರ ಸುತ್ತಲಿನ ಗಾರ್ಡಿನ ಮೇಲೆ, ಬೈಕ್ ಒರಗಿ ನಿಲ್ಲುವುದರಿಂದ ಅದು ಪೂರ್ತಿ ಮಲಗುವುದೇ ಇಲ್ಲ. ಎತ್ತುವ ಕೆಲಸದ ಅತಿ ಕಷ್ಟದ ಮೊದಲ ಭಾಗ ತಪ್ಪುತ್ತದೆ. ಆ ಕಾರಣಕ್ಕೆ ಸಿಲಿಂಡರ್ ಗಾರ್ಡಿಗೆ ಖರ್ಚು ಮಾಡಲು ಹಿಂದೆಮುಂದೆ ನೋಡಬಾರದು. ಸಮತಟ್ಟಾದ ನೆಲದಲ್ಲಿ ಈ ಬೈಕನ್ನು ಒಬ್ಬರೇ ಎತ್ತಲಾಗದಿದ್ದರೆ ಅದನ್ನು ಓಡಿಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಜನಸಂಚಾರವಿಲ್ಲದ ಮಣ್ಣಿನ ದಾರಿಗೆ ಒಬ್ಬರೇ ಹೋಗಬಾರದು ಎಂದು ಖಂಡಿತವಾಗಿ ಹೇಳುತ್ತೇನೆ.

ಈ ವಿದ್ಯೆಯೆಲ್ಲ ಒಟ್ಟಿಗೆ ಪರೀಕ್ಷೆಗೊಳಗಾಗುವುದು ನಮ್ಮ ಘಟ್ಟಗಳಲ್ಲಿ. ಮೂಡಿಗೆರೆಯಿಂದ ಹೊರಟು, ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು, ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ ಸೇರುವ ದಾರಿ ನನಗೆ ಬಹಳ ಪ್ರಿಯವಾದದ್ದು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ಘಟ್ಟ ಹಲವೆಡೆ ಕುಸಿದಿತ್ತು. ಮಳೆಗಾಲದಲ್ಲಿ ಇಲ್ಲಿ ರಸ್ತೆ ಯಾವಾಗ ಹೇಗಿರುತ್ತದೆಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಇಳಿಯುವಾಗ ಎರಡನೆಯ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿನ ಕೆಲಸ ಬಹಳ ಕಡಿಮೆ. ಕಷ್ಟ ಬರುವುದು ಎದುರಿನಿಂದ ಬಸ್ ಬಂದಾಗ. ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕು, ಅದು ನ್ಯಾಯವೂ ಹೌದು. ಹಾಗಾಗಿ ತಿರುವಿನ ನಡುವೆ, ಅಡ್ಡ ಇಳಿಜಾರಿನ ಮೇಲೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಭಾರದ ಬೈಕನ್ನು ನಿಲ್ಲಿಸಬೇಕಾಗುತ್ತದೆ. ಅಲ್ಲಿ ತಗ್ಗಿನ ಕಡೆಯ ಕಾಲನ್ನು ಊರಲು ಹೋದರೆ ನೆಲ ಸಿಗುವುದಿಲ್ಲ, ಕಾಲು ನೆಲವನ್ನು ಹುಡುಕುವಷ್ಟರಲ್ಲಿ ಗಾಡಿ ಆ ಕಡೆ ವಾಲಿಯಾಗಿರುತ್ತದೆ. ನಿಲ್ಲುವ ಮೊದಲೇ ಯಾವ ಕಾಲು ಎಂದು ನಿರ್ಧರಿಸಿ, ಎತ್ತರದ ಕಡೆಗೆ ಸೊಂಟವನ್ನು ತುಸು ಸರಿಸಿ, ಹ್ಯಾಂಡಲನ್ನು ನೇರ ಮಾಡಿಕೊಂಡು ನಿಲ್ಲಬೇಕು. ಹತ್ತುವ ದಾರಿಯಲ್ಲಾದರೆ ಬ್ರೇಕ್ ಲಿವರನ್ನು ಒಮ್ಮೆ ಗಟ್ಟಿಯಾಗಿ ಒತ್ತಿಬಿಟ್ಟರೆ ಹಿಲ್ ಸ್ಟಾರ್ಟ್ ಕಂಟ್ರೋಲ್ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹಿಡಿದುಕೊಳ್ಳುತ್ತದೆ. ಈ ಬೈಕಿನ ಎಲೆಕ್ಟ್ರಾನಿಕ್ ಸೌಲಭ್ಯಗಳಲ್ಲಿ ನನಗೆ ಅತ್ಯಂತ ಬೇಕಾದದ್ದು ಇದೊಂದೇ, ಉಳಿದವುಗಳಿಲ್ಲದೆಯೂ ಬದುಕಬಲ್ಲೆ.

ಕಾಫಿ ತೋಟಗಳ ಒಳದಾರಿಗಳು ಇನ್ನೊಂದು ಲೋಕ. ಬೇಸಿಗೆಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದ್ದಾಗ ಎದ್ದು ನಿಂತು ಓಡಿಸುವ ಸುಖ ಹೇಳತೀರದು. ಫುಟ್‌ಪೆಗ್ ಮೇಲೆ ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಹಗುರವಾಗಿ ಹಿಡಿದು, ಮೊಣಕೈ ಸಡಿಲ ಬಿಟ್ಟರೆ ಬೈಕ್ ನಮ್ಮ ಕೆಳಗೆ ತನ್ನಿಷ್ಟದಂತೆ ಅಲುಗಾಡುತ್ತ ಸಾಗುತ್ತದೆ, ನಮ್ಮ ದೇಹದ ಭಾರ ಪ್ರತಿ ಗುಂಡಿಗೂ ಅದರ ಜೊತೆ ಕುಕ್ಕುವುದಿಲ್ಲ. ಮಣ್ಣಿನ ದಾರಿಗೆಂದೇ ಇರುವ ಎಂಡ್ಯೂರೋ ಪ್ರೊ ಮೋಡ್‌ನಲ್ಲಿ ಹಿಂದಿನ ಚಕ್ರದ ಎಬಿಎಸ್ ಇರುವುದಿಲ್ಲವಾದ್ದರಿಂದ ಮಣ್ಣಿನ ಇಳಿಜಾರಿನಲ್ಲಿ ಹಿಂದಿನ ಚಕ್ರವನ್ನು ಎಳೆದುಕೊಂಡು ನಿಲ್ಲಿಸಬಹುದು. ಮಳೆ ಬಿದ್ದ ಮೇಲೆ ಅದೇ ದಾರಿ ಬೆಣ್ಣೆಯಾಗುತ್ತದೆ. ರಸ್ತೆಯ ಟೈರಿನ ಸಣ್ಣ ಗೀರುಗಳಲ್ಲಿ ಕೆಸರು ತುಂಬಿ ನುಣ್ಣಗಾದರೆ ಎಷ್ಟು ಕೌಶಲವಿದ್ದರೂ ನಡೆಯದು. ಕಾಂಟಿನೆಂಟಲ್ ಟಿಕೆಸಿ 80ರಂತಹ ದಪ್ಪ ಗಟ್ಟಿಗಳ ಟೈರು ಹಾಕಿದರೆ ಮಣ್ಣಿನಲ್ಲಿ ಹಿಡಿತ ಸಿಗುತ್ತದೆ, ಆದರೆ ಹೆದ್ದಾರಿಯಲ್ಲಿ ಅದು ಬೇಗ ಸವೆಯುತ್ತದೆ, ಸದ್ದು ಮಾಡುತ್ತದೆ. ಮನೆಯಿಂದ ಮಲೆನಾಡಿಗೆ ಹೋಗಿಬರುವ ದೂರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಟಾರೇ ಇರುವಾಗ ನಾನು ರಸ್ತೆಯ ಕಡೆಗೆ ಹೆಚ್ಚು ಒಲಿದ ಟೈರನ್ನೇ ಆರಿಸಿಕೊಂಡು, ಮಳೆಗಾಲದಲ್ಲಿ ಮಣ್ಣಿನ ದಾರಿಗಳನ್ನು ಬಿಟ್ಟುಬಿಡುತ್ತೇನೆ. ಟಾರಿನ ಮೇಲೆ ಮುಂದೆ 2.5 ಬಾರ್, ಹಿಂದೆ 2.9 ಬಾರ್ ಗಾಳಿ. ಮಣ್ಣಿಗಿಳಿದಾಗ ಕಡಿಮೆ ಮಾಡಿ, ಟಾರಿಗೆ ಬಂದ ಕೂಡಲೇ ಮತ್ತೆ ತುಂಬಲು ಸಣ್ಣ ಪಂಪೊಂದು ಸೀಟಿನ ಕೆಳಗಿದೆ.

ಹೆದ್ದಾರಿಯ ಬಗ್ಗೆ ಕಡಿಮೆ ಹೇಳಿದರೆ ಸಾಕು. ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋಗುವ ಆರು ಪಥದ ರಸ್ತೆಯಲ್ಲಿ ಈ ಎಂಜಿನ್ ಆರನೆಯ ಗೇರಿನಲ್ಲಿ ಆಯಾಸವಿಲ್ಲದೆ ಓಡುತ್ತದೆ, ಗಾಳಿತಡೆ ಗಾಜು ಎದೆಯ ಮೇಲಿನ ಒತ್ತಡವನ್ನು ತೆಗೆದುಹಾಕುತ್ತದೆ, ಸಂಜೆ ಇಳಿದಾಗ ಬೆನ್ನು ನೋಯುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ; 100 ಸಿಸಿಯ ಸ್ಕೂಟರಿಗೂ 1254 ಸಿಸಿಯ ಬೈಕಿಗೂ ಅದು ಒಂದೇ. ದೊಡ್ಡ ಬೈಕುಗಳಿಗೆ ವಿನಾಯಿತಿ ಕೊಡಬೇಕೆಂದು ಸ್ನೇಹಿತರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ದುಡ್ಡಿದ್ದವರ ಬೈಕಿಗೆ ಒಂದು ದಾರಿ, ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರಿಗೆ ಇನ್ನೊಂದು ದಾರಿ ಎಂಬುದು ನನಗೆ ಸರಿಯೆನಿಸುವುದಿಲ್ಲ. ಸರ್ವಿಸ್ ರಸ್ತೆ ಉದ್ದಕ್ಕೂ ಚೆನ್ನಾಗಿರಲಿ ಎಂದು ಎಲ್ಲ ದ್ವಿಚಕ್ರ ಸವಾರರ ಪರವಾಗಿ ಕೇಳುವುದೇ ನ್ಯಾಯ.

ಖರ್ಚಿನ ವಿಷಯದಲ್ಲಿ ಮುಚ್ಚುಮರೆ ಬೇಡ. 2021ರ ಜುಲೈನಲ್ಲಿ ಈ ಬೈಕ್ ಬಿಎಸ್ 6 ರೂಪದಲ್ಲಿ ನಮ್ಮ ದೇಶಕ್ಕೆ ಬಂದಾಗ ಶೋರೂಮ್ ಬೆಲೆಯೇ 20.45 ಲಕ್ಷ ರೂಪಾಯಿಯಿಂದ ಆರಂಭವಾಗಿತ್ತು. ಅದರ ಉತ್ತರಾಧಿಕಾರಿ ಆರ್ 1300 ಜಿಎಸ್ 2024ರ ಜೂನ್‌ನಲ್ಲಿ 20.95 ಲಕ್ಷಕ್ಕೆ ಬಂತು. 350 ಸಿಸಿಗೆ ಮೇಲ್ಪಟ್ಟ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ, ಅದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ, ವಿಮೆ. ನಾನು ಕೊಂಡದ್ದು ಬೇರೊಬ್ಬರು ಓಡಿಸಿದ್ದ ಬೈಕನ್ನು, ಮತ್ತು ಸರ್ವಿಸ್ ದಾಖಲೆ ಪೂರ್ತಿ ಇದ್ದರೆ ಹಾಗೆ ಕೊಳ್ಳುವುದೇ ಜಾಣತನವೆಂದು ನಂಬಿದ್ದೇನೆ. ಪ್ರತಿ 10,000 ಕಿಲೋಮೀಟರಿಗೆ ಸರ್ವಿಸ್ ಮಾಡಿಸಬೇಕು. ಚೈನಿಲ್ಲದಿರುವುದರಿಂದ ಪ್ರಯಾಣದ ನಡುವೆ ಎಣ್ಣೆ ಹಚ್ಚುವ, ಬಿಗಿ ಮಾಡುವ ಕೆಲಸವಿಲ್ಲ. ಟೈರು ದುಬಾರಿ. ಬೇಸಿಗೆಯಲ್ಲಿ ನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಎರಡೂ ಕಡೆಯ ಸಿಲಿಂಡರುಗಳ ಶಾಖ ಮೊಣಕಾಲಿನ ಕೆಳಗೆ ಬಡಿಯುತ್ತದೆ. ಕಚೇರಿಗೆ ಹೋಗಿಬರಲು ಇದು ತಕ್ಕ ಗಾಡಿಯಲ್ಲ.

ಹೊಸ ಆರ್ 1300 ಜಿಎಸ್ ಬಗ್ಗೆ ನನಗೆ ಸಂತೋಷ ಕೊಟ್ಟದ್ದು ಅದರ 145 ಅಶ್ವಶಕ್ತಿಯಲ್ಲ, 237 ಕಿಲೋ ಎಂಬ ಅಂಕಿ. ಹನ್ನೆರಡು ಕಿಲೋ ಇಳಿದಿದೆ. ದಶಕಗಳಲ್ಲಿ ಒಟ್ಟಾರೆ ಏರಿದ್ದ ತೂಕವನ್ನು ತಯಾರಕರು ಹೀಗೆ ಇಳಿಸಲು ಮನಸ್ಸು ಮಾಡಿದ್ದು ಸರಿಯಾದ ದಿಕ್ಕು. ಇಳಿದ ಪ್ರತಿ ಕಿಲೋ ಕೂಡ ಹೇರ್‌ಪಿನ್ ತಿರುವಿನಲ್ಲಿ, ಕೆಸರಿನಲ್ಲಿ, ಪಾರ್ಕಿಂಗ್ ಇಳಿಜಾರಿನಲ್ಲಿ ಸವಾರನಿಗೆ ತಿಳಿಯುತ್ತದೆ.

ನನ್ನನ್ನು ಸಲಹೆ ಕೇಳುವ ಕಿರಿಯ ಸವಾರರಿಗೆ ನಾನು ಮೊದಲು ಕೇಳುವುದು ಯಾರ ಜೊತೆ, ಎಲ್ಲಿಗೆ ಹೋಗುತ್ತೀರಿ ಎಂದು. ಒಬ್ಬರೇ ಹೋಗಿ, ಮಣ್ಣಿನ ದಾರಿಗಳಲ್ಲೇ ಹೆಚ್ಚು ಹೊತ್ತು ಕಳೆಯುವ ಆಸೆಯಿದ್ದರೆ 196 ಕಿಲೋದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸಾಕಷ್ಟು ಒಳ್ಳೆಯ ಬೈಕ್; ಅದನ್ನು ಚೆನ್ನಾಗಿ ಓಡಿಸಬಲ್ಲವರು ಜಿಎಸ್‌ನಲ್ಲಿ ಹೆದರಿ ಹೆದರಿ ಹೋಗುವವರಿಗಿಂತ ಬಹಳ ದೂರ ಹೋಗುತ್ತಾರೆ. ಕೋಲಾರದ ಬಳಿ, ಡಾಕರ್‌ಗೆ ಹೋಗಿದ್ದ ಸಿ.ಎಸ್. ಸಂತೋಷ್ ಅವರು ಕಟ್ಟಿದ ಬಿಗ್ ರಾಕ್ ಮಣ್ಣಿನ ಅಂಗಳದಂತಹ ಕಡೆ ಮೊದಲು ಹಗುರವಾದ ಬೈಕಿನಲ್ಲಿ ಕಲಿತು ಬಂದವರಿಗೆ ದೊಡ್ಡ ಬೈಕ್ ಬೇಗ ಒಗ್ಗುತ್ತದೆ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಅಂತರರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಜಾ ಎಂಬ ಕಚ್ಚಾ ದಾರಿಯ ಓಟಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ತಂದರು. ಮೈಕಟ್ಟಿನ ಮಾತೆತ್ತಿ ಹಿಂಜರಿಯುವವರು ಅವರು ಸವಾರಿ ಮಾಡುವ ರೀತಿಯನ್ನು ಒಮ್ಮೆ ಗಮನಿಸಬೇಕು. ಆದರೆ ಸಂಗಾತಿಯನ್ನು ಕೂರಿಸಿಕೊಂಡು, ವಾರಕ್ಕಾಗುವ ಬಟ್ಟೆಬರೆ ಕಟ್ಟಿಕೊಂಡು, ಕಾರವಾರದವರೆಗೋ ಬೀದರಿನವರೆಗೋ ದಿನವಿಡೀ ಓಡಿಸುವ ಆಸೆಯಿದ್ದರೆ ಜಿಎಸ್‌ನ ತೂಕಕ್ಕೆ ಅರ್ಥ ಬರುತ್ತದೆ. ಇದರ ಒಟ್ಟು ಅನುಮತಿತ ಭಾರ 465 ಕಿಲೋ; ಎಂದರೆ ತನ್ನ ತೂಕ ಬಿಟ್ಟು ಇನ್ನೂ 216 ಕಿಲೋ ಹೊರಬಲ್ಲದು, ಹೊತ್ತಾಗಲೂ ಅದರ ನಡಿಗೆ ಕೆಡುವುದಿಲ್ಲ.

ಕೊಳ್ಳಲು ಹೋಗುವವರು ಟೆಸ್ಟ್ ರೈಡ್‌ನಲ್ಲಿ ಹೆದ್ದಾರಿಗೆ ಹೋಗಿ ವೇಗ ನೋಡಿ ಬರಬೇಡಿ. ಸವಾರಿಯ ಬೂಟು ಹಾಕಿಕೊಂಡೇ ಹೋಗಿ, ಎರಡೂ ಎತ್ತರದ ಸೀಟಿನಲ್ಲಿ ಕುಳಿತು, ಒಂದೇ ಕಾಲಿನ ಮೇಲೆ ಗಾಡಿಯನ್ನು ನಿಲ್ಲಿಸಿ ನೋಡಿ. ಎಂಜಿನ್ ಆರಿಸಿ, ಪಕ್ಕದಲ್ಲಿ ನಿಂತು, ಗಾಡಿಯನ್ನು ಸೊಂಟಕ್ಕೆ ಒರಗಿಸಿಕೊಂಡು ಹಿಂದಕ್ಕೆ ತಳ್ಳಿ ಪಾರ್ಕ್ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ. ಬೈಕನ್ನು ಕೈಯಿಂದ ಎತ್ತಲು ಹೋಗದೆ, ಸ್ಟ್ಯಾಂಡಿನ ಎರಡೂ ಕಾಲುಗಳು ನೆಲಕ್ಕೆ ತಾಗಿದ್ದನ್ನು ಖಚಿತಪಡಿಸಿಕೊಂಡು, ಅದರ ಮೆಟ್ಟಿನ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ ಎದ್ದು ನಿಂತರೆ ಗಾಡಿ ತಾನಾಗಿ ಹಿಂದೆ ಸರಿದು ಏರುತ್ತದೆ. ನಂತರ ಎರಡು ಪಥದ ರಸ್ತೆಯಲ್ಲಿ ಕಾಲೂರದೆ ಎಡಕ್ಕೊಂದು, ಬಲಕ್ಕೊಂದು ಯೂ ಟರ್ನ್ ಮಾಡಿ. ನಿಮ್ಮ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ, ಅವರು ಹತ್ತಿ ಇಳಿಯುವಾಗ ಗಾಡಿಯನ್ನು ಹಿಡಿದು ನಿಲ್ಲಿಸಲು ನಿಮ್ಮಿಂದಾಗುತ್ತದೆಯೇ ನೋಡಿ. ಇಷ್ಟಕ್ಕೆ ಮಾರುವವರು ಒಪ್ಪದಿದ್ದರೆ ಬೇರೊಬ್ಬರನ್ನು ಹುಡುಕಿ.